ಹಳೆಯ ಪಾಲಿಹೌಸ್ ಬಿಚ್ಚಿ ಬೇರೆ ಜಾಗದಲ್ಲಿ ನಿಲ್ಲಿಸುವುದು: ಅಳತೆಯಿಂದ ಹಾಳೆಯವರೆಗೆ

ಬಳಸಿದ ಪಾಲಿಹೌಸ್, ಅಂದರೆ ಪೈಪಿನ ಚೌಕಟ್ಟಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಬೆಳೆಮನೆ, ನೋಡಲು ಹೋದವರ ಕಣ್ಣು ಮೊದಲು ಮೇಲಿನ ಹಾಳೆಗೆ ಹೋಗುತ್ತದೆ. ಹರಿದಿಲ್ಲ, ಬೆಳಕು ಚೆನ್ನಾಗಿ ಬರುತ್ತಿದೆ ಎಂದರೆ ಅರ್ಧ ಮನಸ್ಸು ಅಲ್ಲೇ ಒಪ್ಪಿಬಿಡುತ್ತದೆ. ಬಿಚ್ಚಿ ಸಾಗಿಸುವ ಲೆಕ್ಕದಲ್ಲಿ ಆ ಹಾಳೆಗೆ ಬೆಲೆಯೇ ಇಲ್ಲ. ಹೊಸ ಜಾಗದಲ್ಲಿ ಕೆಲಸಕ್ಕೆ ಬರುವುದು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಮಾಡಿನ ನೀರು ಹರಿಸುವ ಗಟರು, ಪೈಪುಗಳನ್ನು ಕೂಡಿಸುವ ಕ್ಲ್ಯಾಂಪು. ಅದಕ್ಕಿಂತ ಮುಖ್ಯವಾದದ್ದು ಆ ಪೈಪುಗಳಲ್ಲಿ ಈಗಾಗಲೇ ಕೊರೆದಿರುವ ತೂತುಗಳ ನಡುವಿನ ಅಂತರ. ಅದನ್ನು ಬರೆದುಕೊಳ್ಳದೆ ಬಿಚ್ಚಿದರೆ ಒಂದು ತುಂಡೂ ಕಳೆದುಹೋಗದಿದ್ದರೂ ಮನೆ ಕೂಡುವುದಿಲ್ಲ. ಕಂಬ ಎರಡು ಸೆಂಟಿಮೀಟರ್ ಆಚೀಚೆ ನಿಂತಿರುತ್ತದೆ, ಕಮಾನುಗಳನ್ನು ಉದ್ದಕ್ಕೆ ಜೋಡಿಸುವ ಪೈಪಾದ ಪರ್ಲಿನ್‌ನ ತೂತು ಕ್ಲ್ಯಾಂಪಿಗೆ ಸಿಗುವುದಿಲ್ಲ, ಅಲ್ಲಿಂದ ಮುಂದೆ ಪ್ರತಿ ಕೀಲಿನಲ್ಲೂ ಡ್ರಿಲ್ ಹಿಡಿದು ಹೊಸ ತೂತು ಕೊರೆಯುವ ಕೆಲಸ ಶುರುವಾಗುತ್ತದೆ.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು 8 ಮೀಟರ್ ಅಗಲದ ಮೂರು ಅಂಕಣಗಳ, 20 ಮೀಟರ್ ಉದ್ದದ, ಗಾಳಿಯಾಡುವ ಮಾದರಿಯ ಮನೆ. ಒಟ್ಟು 480 ಚದರ ಮೀಟರ್. ಉದ್ದಕ್ಕೆ 4 ಮೀಟರಿಗೊಂದು ಕಂಬ. ನಾಲ್ಕು ಸಾಲು, ಸಾಲಿಗೆ ಆರು, ಒಟ್ಟು 24 ಕಂಬ. ಗಟರ್ ಎತ್ತರ 4 ಮೀಟರ್, ನೆತ್ತಿ 6 ಮೀಟರ್. ಕಂಬ 76 ಮಿ.ಮೀ. ಹೊರವ್ಯಾಸ, ಕೆಳಗಿನ ಅಡ್ಡಪೈಪು 60, ಕಮಾನು 48, ಪರ್ಲಿನ್ 42. ಎಲ್ಲದರ ದಪ್ಪವೂ 2 ಮಿ.ಮೀ. ಮನೆ ಇದಕ್ಕಿಂತ ಚಿಕ್ಕದಿರಲಿ ದೊಡ್ಡದಿರಲಿ, ಕೆಲಸದ ಕ್ರಮ ಬದಲಾಗುವುದಿಲ್ಲ.

ಕೊಳ್ಳುವ ಮೊದಲು

ನೆಲದ ಮಟ್ಟದಿಂದ ಶುರು ಮಾಡಿ. ಕಂಬ ಮಣ್ಣಿಗೆ ಅಥವಾ ಕಾಂಕ್ರೀಟಿಗೆ ಇಳಿಯುವ ಜಾಗದಲ್ಲಿ ಒಂದು ಗೇಣು ಮಣ್ಣು ಕೆದಕಿ, ಅಲ್ಲಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಸ್ಕ್ರೂಡ್ರೈವರ್ ಮೊನೆಯನ್ನು ಒತ್ತಿ ನೋಡಿ. ಗೊಬ್ಬರದ ನೀರು ದಿನಾ ಬೀಳುವ ಜಾಗ ಅದು. ಮೇಲೆ ಹೊಳೆಯುವ ಕಂಬವೂ ಅಲ್ಲಿ ಸೊರಗಿರಬಹುದು. ಮೊನೆ ಒಳಗಿಳಿದರೆ ಅಷ್ಟು ಭಾಗ ಕತ್ತರಿಸಿ ಬಿಸಾಡಬೇಕೆಂದೇ ಲೆಕ್ಕ. 15–20 ಸೆಂ.ಮೀ. ಹೋದರೂ ಕಂಬ ಉಳಿಯುತ್ತದೆ, ಅದಕ್ಕೆ ದಾರಿ ಮುಂದೆ ಇದೆ. ತುಕ್ಕು ಅದಕ್ಕಿಂತ ಮೇಲಕ್ಕೆ ಹತ್ತಿದ್ದರೆ ಆ ಕಂಬವನ್ನು ತೂಕದ ಕಬ್ಬಿಣವೆಂದು ಎಣಿಸಿ.

ಆಮೇಲೆ ಪೈಪಿನ ಬೆಸುಗೆಯ ಗೆರೆ ನೋಡಿ. ಸತು ಲೇಪಿಸಿದ ತಗಡನ್ನು ಸುತ್ತಿ ಬೆಸೆದು ಮಾಡಿದ ಪೈಪಿನಲ್ಲಿ ಬೆಸುಗೆಯ ಶಾಖಕ್ಕೆ ಆ ಗೆರೆಯ ಸತು ಸುಟ್ಟಿರುತ್ತದೆ, ಮೇಲೆ ಮತ್ತೆ ತೆಳ್ಳಗೆ ಸಿಂಪಡಿಸಿರುತ್ತಾರೆ. ಪೈಪಿನ ಉದ್ದಕ್ಕೂ ಒಂದೇ ಸಾಲಾಗಿ ಕಂದು ಗೆರೆ ಕಂಡರೆ ಅದು ಇಂಥ ಪೈಪು. ಪೈಪು ಮಾಡಿದ ಮೇಲೆ ಕರಗಿದ ಸತುವಿನಲ್ಲಿ ಇಡಿಯಾಗಿ ಅದ್ದಿದ್ದಕ್ಕೆ ಒಳಗೂ ಹೊರಗೂ ಲೇಪ ದಪ್ಪವಿರುತ್ತದೆ, ಬಾಳಿಕೆಯೂ ಹೆಚ್ಚು. ಗೆರೆ ಕಂಡ ಮಾತ್ರಕ್ಕೆ ಬಿಟ್ಟುಬಿಡಬೇಕಾಗಿಲ್ಲ, ಆದರೆ ಹೊಸದರ ಅರ್ಧ ಆಯುಷ್ಯ ಉಳಿದಿದೆ ಎಂಬ ಮಾತನ್ನು ನಂಬಿ ಚೌಕಾಶಿ ಮಾಡಬೇಡಿ.

ಗಟರಿನ ಒಂದು ತುದಿಗೆ ಏಣಿ ಇಟ್ಟು ಉದ್ದಕ್ಕೆ ಕಣ್ಣು ಹಾಯಿಸಿ. ಗೆರೆ ನೇರವಾಗಿಲ್ಲದಿದ್ದರೆ ಯಾವುದೋ ಕಂಬ ಕುಸಿದಿದೆ, ಇಲ್ಲವೇ ಬಿರುಗಾಳಿಯಲ್ಲಿ ಎದ್ದಿದೆ. ಅದರ ಹತ್ತಿರದ ಕ್ಲ್ಯಾಂಪುಗಳ ತೂತು ಉದ್ದುದ್ದಕ್ಕೆ ಹಿಗ್ಗಿರುತ್ತದೆ. ಗಟರಿನ ತಳದಲ್ಲಿ ಎಲೆ ಕೊಳೆತು ನಿಂತ ಜಾಗವನ್ನು ಕೆರೆದು ನೋಡಿ. ಬಿಳಿ ಪುಡಿ ಮಾತ್ರ ಇದ್ದರೆ ಸತು ಇನ್ನೂ ಇದೆ. ಕೆಂಪು ಬಂದಿದ್ದರೆ ಸತು ಮುಗಿದಿದೆ.

ಹಾಳೆ, ಏಪ್ರನ್ (ಗೋಡೆಯ ಬುಡದ ಹಾಳೆ), ಡ್ರಿಪ್ ಲ್ಯಾಟರಲ್ (ಹನಿ ನೀರಾವರಿಯ ಸಣ್ಣ ಪೈಪು), ಸಣ್ಣ ಬೋಲ್ಟು, ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ: ಇಷ್ಟಕ್ಕೂ ಸೊನ್ನೆ ಹಾಕಿಯೇ ದರ ಮಾತಾಡಿ. ಮೂರ್ನಾಲ್ಕು ವರ್ಷ ಬಿಸಿಲು ತಿಂದ 200 ಮೈಕ್ರಾನ್ ಹಾಳೆ ಇದ್ದಲ್ಲಿ ಗಟ್ಟಿಯಾಗಿಯೇ ಕಾಣುತ್ತದೆ. ಮಡಚಿ, ಸಾಗಿಸಿ, ಮತ್ತೆ ಎಳೆದು ಕಟ್ಟಿದಾಗ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಗಂಧಕ ಮತ್ತು ಕ್ಲೋರಿನ್ ಇರುವ ಔಷಧಿ ಹೊಡೆದ ಮನೆಯ ಹಾಳೆಯಂತೂ ಇನ್ನೂ ಬೇಗ ಸೋಲುತ್ತದೆ, ಏಕೆಂದರೆ ಬಿಸಿಲು ತಡೆಯಲು ಅದರಲ್ಲಿ ಬೆರೆಸಿರುವ ರಾಸಾಯನಿಕವನ್ನು ಅವು ಕೆಡಿಸುತ್ತವೆ. ಕೀಟ ತಡೆಯುವ 40 ಮೆಶ್ ಬಲೆ ಮಾತ್ರ ಉಗುರಿನಲ್ಲಿ ಗೀರಿದಾಗ ಎಳೆ ಜರುಗದಿದ್ದರೆ ತೊಳೆದು ಬಳಸಬಹುದು.

ಅಳತೆ ಮತ್ತು ಗುರುತು

ಒಂದು ಬೋಲ್ಟನ್ನೂ ಮುಟ್ಟುವ ಮೊದಲು ಇಡೀ ಮನೆಯ ನಕ್ಷೆ ಕಾಗದದ ಮೇಲೆ ಬರಬೇಕು. ಕಂಬದ ಸಾಲುಗಳಿಗೆ ಎ, ಬಿ, ಸಿ, ಡಿ. ಉದ್ದಕ್ಕೆ 1ರಿಂದ 6. ಎ1 ಎಂದರೆ ನೀರು ಹೊರಹೋಗುವ ತುದಿಯ ಮೂಲೆ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಕಮಾನು, ಅಡ್ಡಪೈಪು, ಗಟರ್ ತುಂಡು ಎಲ್ಲಕ್ಕೂ ಹೆಸರು ಎರಡು ಕಂಬಗಳಿಂದಲೇ ಬರುತ್ತದೆ: ಎ3–ಬಿ3 ಕಮಾನು, ಬಿ2–ಬಿ3 ಗಟರ್. ನಡುವಿನ ಕಮಾನುಗಳು, ಅಂದರೆ ಕಂಬವಿಲ್ಲದೆ 2 ಮೀಟರಿಗೆ ಬರುವವು, ಎರಡೂವರೆ ಮೂರೂವರೆ ಎಂದು ಗುರುತಾಗಲಿ. ಒಂದು ಅಂಕಣಕ್ಕೆ 6 ಮುಖ್ಯ ಕಮಾನು, 5 ನಡುವಿನವು; ಮೂರು ಅಂಕಣಕ್ಕೆ 33.

ಕಂಬದ ನಡುವಿನ ಅಂತರವನ್ನು ನೆಲದ ಹತ್ತಿರವೂ ಗಟರಿನ ಹತ್ತಿರವೂ ಅಳೆಯಿರಿ. ಎರಡೂ ಒಂದೇ ಬರುವುದು ಅಪರೂಪ. ಹೊಸ ಗುಂಡಿ ತೋಡಲು ಬೇಕಾದದ್ದು ಮೇಲಿನ ಅಳತೆ, ಏಕೆಂದರೆ ಗಟರಿನ ಮತ್ತು ಪರ್ಲಿನ್‌ನ ತೂತುಗಳು ಅಲ್ಲಿ ಕೂತಿವೆ. ಹೇಳಿಕೆಗೆ 8 ಮೀಟರ್ ಇರುವ ಅಂಕಣ ಟೇಪಿನಲ್ಲಿ 7.97 ಆಗಿರಬಹುದು, ಉದ್ದದ 4 ಮೀಟರ್ 3.99 ಆಗಿರಬಹುದು. ಉದ್ದದ ಐದು ಅಂತರಗಳಲ್ಲಿ ಒಂದೊಂದು ಸೆಂಟಿಮೀಟರಿನಂತೆ ಸೇರಿ 5 ಸೆಂ.ಮೀ. ಆಗುತ್ತದೆ, ಕೊನೆಯ ಕಂಬದಲ್ಲಿ ಯಾವ ತೂತೂ ಯಾವುದಕ್ಕೂ ಸಿಗುವುದಿಲ್ಲ. ಟೇಪು ಉಕ್ಕಿನದ್ದಾಗಿರಲಿ, ಎರಡೂ ಕಡೆ ಅದೇ ಟೇಪು ಬಳಸಿ. ಬಟ್ಟೆಯ ಟೇಪು ಎಳೆದಷ್ಟೂ ಹಿಗ್ಗುತ್ತದೆ.

ಮಾರ್ಕರ್ ಪೆನ್ನಿನ ಬರಹ ಸತುವಿನ ಮೇಲೆ ಬಿಸಿಲಿಗೆ ಮಾಸುತ್ತದೆ, ಅಂಟುಪಟ್ಟಿ ಸಾಗಣೆಯಲ್ಲಿ ಉದುರುತ್ತದೆ. ಅಲ್ಯೂಮಿನಿಯಂ ತಗಡಿನ ಚಿಕ್ಕ ಬಿಲ್ಲೆಗೆ ಮೊಳೆಯಿಂದ ಅಕ್ಷರ ಒತ್ತಿ, ಬೈಂಡಿಂಗ್ ತಂತಿಯಿಂದ ಬೋಲ್ಟಿನ ತೂತಿಗೇ ಕಟ್ಟುವುದು ಎಲ್ಲಕ್ಕಿಂತ ಗಟ್ಟಿ. ಬಿಲ್ಲೆ ಯಾವಾಗಲೂ ತುಂಡಿನ ಒಂದೇ ತುದಿಗೆ ಇರಲಿ, ನೀರು ಹೊರಹೋಗುವ ಕಡೆಯ ತುದಿಗೆ. ಆಗ ದಿಕ್ಕು ತೋರಿಸಲು ಬೇರೆ ಬಾಣದ ಗುರುತು ಬೇಕಾಗುವುದಿಲ್ಲ. ಕಂಬದ ಮೇಲೆ ಗಟರ್ ಕೂರುವ ಜಾಗ, ಮೂಲೆ, ಬಾಗಿಲ ಚೌಕಟ್ಟು, ಓರೆ ಆಸರೆಯ ಕೀಲು: ಇವಿಷ್ಟಕ್ಕೂ ಎರಡು ಕಡೆಯಿಂದ ಫೋಟೋ ತೆಗೆದಿಡಿ. ಪರ್ಲಿನ್ ಕ್ಲ್ಯಾಂಪಿನ ಫೋಟೋ ಒಂದು ಸಾಕು, ಉಳಿದವೂ ಹಾಗೇ ಇರುತ್ತವೆ.

ಬಿಚ್ಚುವ ಕ್ರಮ

ಕರೆಂಟು, ನೀರು ಮೊದಲು ಕಡಿಯಬೇಕು. ಫಾಗರ್ (ಮಂಜಿನಂತೆ ನೀರು ಸಿಂಪಡಿಸುವ) ಪೈಪು, ಡ್ರಿಪ್, ಶೇಡ್ ನೆಟ್ ಇಳಿಯಬೇಕು. ಬಳ್ಳಿ ಕಟ್ಟುವ ತಂತಿಗಳ ವಿಷಯದಲ್ಲಿ ಆತುರ ಬೇಡ. ಅವು ಮನೆಯ ಎರಡೂ ತುದಿಯ ಕಂಬಗಳನ್ನು ಒಳಕ್ಕೆ ಎಳೆದು ಹಿಡಿದಿರುತ್ತವೆ. ಕಟಿಂಗ್ ಪ್ಲೇಯರ್‌ನಿಂದ ತುಂಡರಿಸಿದರೆ ತುದಿ ಬೀಸಿ ಮುಖಕ್ಕೆ ಬಡಿಯುತ್ತದೆ. ಟರ್ನ್‌ಬಕಲ್ (ತಂತಿ ಬಿಗಿಯುವ ತಿರುಪು) ಇದ್ದರೆ ಸಡಿಲಿಸಿ; ಇಲ್ಲದಿದ್ದರೆ ತಂತಿಗೆ ಹಗ್ಗ ಕಟ್ಟಿ ಇಬ್ಬರು ಎಳೆದು ಹಿಡಿದುಕೊಂಡು ಗಂಟು ಬಿಚ್ಚಿ.

ಹಾಳೆ ತೆಗೆಯುವ ದಿನ ಗಾಳಿ ನೋಡಿ ಹೊತ್ತು ಗೊತ್ತುಮಾಡಬೇಕು. ಬೆಳಗ್ಗೆ ಗಾಳಿ ಏಳುವ ಮುಂಚಿನ ಎರಡು ಮೂರು ಗಂಟೆಯೇ ಸರಿಯಾದ ಹೊತ್ತು. ಒಂದು ಅಂಕಣದ ಹಾಳೆ ಅಂಚು ಸೇರಿ ಸುಮಾರು 10 ಮೀಟರ್ ಅಗಲ, 21 ಮೀಟರ್ ಉದ್ದ ಇರುತ್ತದೆ. 200 ಮೈಕ್ರಾನ್ ಹಾಳೆ ಚದರ ಮೀಟರಿಗೆ 185 ಗ್ರಾಂ ತೂಗುವುದರಿಂದ ಒಂದೊಂದೂ 39 ಕೆ.ಜಿ. ತೂಕ ದೊಡ್ಡದಲ್ಲ, ಹರವು ದೊಡ್ಡದು. ಅರ್ಧ ಬಿಚ್ಚಿದ ಹಾಳೆ ಹಾಯಿಯಂತೆ ಗಾಳಿ ಹಿಡಿಯುತ್ತದೆ, ಕಮಾನುಗಳನ್ನೇ ಬಗ್ಗಿಸಬಲ್ಲದು. ಆದ್ದರಿಂದ ಶುರು ಮಾಡಿದ ಅಂಕಣವನ್ನು ಮುಗಿಸಿಯೇ ಇಳಿಯಬೇಕು, ಮೂರನ್ನೂ ಒಟ್ಟಿಗೆ ಸಡಿಲಿಸಬಾರದು. ಗಾಳಿ ಬರುವ ದಿಕ್ಕಿನ ಅಂಚನ್ನು ಕೊನೆಗೆ ಬಿಚ್ಚಿ. ಆಚೆಯ ಅಂಚು ಮೊದಲು ಬಿಟ್ಟರೆ ಹಾಳೆ ಬರೀ ಪಟಪಟಿಸುತ್ತದೆ, ಎದುರು ಅಂಚು ಮೊದಲು ಬಿಟ್ಟರೆ ಗಾಳಿ ಒಳಹೊಕ್ಕು ಮೇಲಕ್ಕೆತ್ತುತ್ತದೆ. ಹಾಳೆಯ ಮೇಲೆ ನೀರು ನಿಂತ ಗುಳಿಗಳಿದ್ದರೆ ಕೆಳಗಿನಿಂದ ಪೊರಕೆಯ ಹಿಡಿಯಲ್ಲಿ ಎತ್ತಿ ಮೊದಲೇ ಹರಿಸಿಬಿಡಿ.

ಜಿಗ್‌ಜ್ಯಾಗ್ ಸ್ಪ್ರಿಂಗ್‌ಗಳು ಹಾಳೆಯನ್ನು ಅಲ್ಯೂಮಿನಿಯಂ ಪ್ರೊಫೈಲಿನ ಕಾಲುವೆಯೊಳಗೆ ಒತ್ತಿ ಹಿಡಿದಿರುತ್ತವೆ; ಒಂದು ತುದಿ ಎತ್ತಿ ಎಳೆದರೆ ಸರಸರ ಬರುತ್ತವೆ, ಕೊನೆಯ ತುದಿ ಚಿಮ್ಮುತ್ತದೆ. ಕಣ್ಣಿಗೆ ಕನ್ನಡಕ ಇರಲೇಬೇಕು. ತೆಗೆದದ್ದನ್ನು ಆಗಲೇ ಎರಡು ರಾಶಿ ಮಾಡಿ: ಪ್ಲಾಸ್ಟಿಕ್ ಲೇಪ ಇರುವವು, ಲೇಪ ಸುಲಿದು ತುಕ್ಕು ಹಿಡಿದವು. ತುಕ್ಕಿನ ಸ್ಪ್ರಿಂಗ್ ಹೊಸ ಹಾಳೆಯನ್ನು ಗರಗಸದ ಹಾಗೆ ಕೊರೆಯುವುದರಿಂದ ಆ ಎರಡನೆಯ ರಾಶಿ ಸಾಗಣೆಗೇ ಬೇಡ. ಅಲ್ಯೂಮಿನಿಯಂ ಪ್ರೊಫೈಲ್‌ಗಳನ್ನು ಹಿಡಿದಿರುವ ಸ್ಕ್ರೂಗಳಿಗೆ 8 ಮಿ.ಮೀ. ಸಾಕೆಟ್ ಹೊಂದುತ್ತದೆ. ಪ್ರೊಫೈಲನ್ನು ಸನಿಕೆಯಿಂದ ಮೀಟಿ ಕೀಳುವವರಿದ್ದಾರೆ; ಹಾಗೆ ಕಿತ್ತದ್ದರ ತುಟಿ ಬಾಗಿ ಮತ್ತೆ ಸ್ಪ್ರಿಂಗ್ ಕೂರುವುದಿಲ್ಲ. ಅದರ ಮೇಲೆ ಮಣ್ಣೂ ಹಾಳೆಯ ಚೂರೂ ಸಿಕ್ಕಿಕೊಂಡಿದ್ದರೆ ಬಿಚ್ಚುವಾಗಲೇ ಕೆರೆದುಬಿಡಿ, ಒಣಗಿದ ಮೇಲೆ ಕಷ್ಟ.

ಈಗ ಉಳಿದದ್ದು ಅಸ್ಥಿಪಂಜರ. ಇಲ್ಲಿ ನಿಯಮ ಒಂದೇ: ಉದ್ದಕ್ಕೆ ಕಂಬದಿಂದ ಕಂಬಕ್ಕಿರುವ 4 ಮೀಟರ್ ಪಟ್ಟಿಗಳಲ್ಲಿ ಓರೆ ಆಸರೆ ಇರುವುದು ಕೊನೆಗೆ. ಎಲ್ಲ ಕಡೆಯೂ ಪರ್ಲಿನ್ ತೆಗೆದು, ಆಮೇಲೆ ಎಲ್ಲ ಕಡೆಯೂ ಕಮಾನು ತೆಗೆದು, ಕೊನೆಗೆ ಗಟರ್ ಎಂದು ಹೊರಟರೆ ಕೆಲಸ ಚುರುಕಾಗಿ ಸಾಗುವಂತೆ ಕಾಣುತ್ತದೆ, ಆದರೆ ಆ ಹೊತ್ತಿಗೆ 24 ಕಂಬಗಳೂ ಉದ್ದ ದಿಕ್ಕಿಗೆ ಆಸರೆಯಿಲ್ಲದೆ ನಿಂತಿರುತ್ತವೆ, ಮೇಲೆ ಗಟರಿನ ಭಾರ ಬೇರೆ. ಅದರ ಬದಲು 6ನೆಯ ಕಂಬಗಳಿಂದ, ಅಂದರೆ ನೀರು ಹೋಗುವ ತುದಿಯ ಎದುರು ಕಡೆಯಿಂದ, 4 ಮೀಟರ್ ಪಟ್ಟಿಯೊಂದನ್ನು ಪೂರ್ತಿ ಇಳಿಸಿ: ಪರ್ಲಿನ್, ನಡುವಿನ ಕಮಾನು, ಮುಖ್ಯ ಕಮಾನು, ಅಡ್ಡಪೈಪು, ಗಟರ್, ಕಂಬ. ನಂತರ 5, 4, ಹೀಗೆ. ಆಸರೆ ಎರಡೂ ತುದಿಯಲ್ಲಿದ್ದರೆ 6ನೆಯದನ್ನು ಮುಟ್ಟುವ ಮೊದಲು ಅಲ್ಲಿನಂಥದೇ ಓರೆ ಪೈಪನ್ನು 2–3ರ ನಡುವೆಯೂ ಕ್ಲ್ಯಾಂಪಿನಿಂದ ಬಿಗಿಯಿರಿ.

ಈ ತುದಿಯಿಂದಲೇ ಏಕೆ ಎಂದರೆ, ಗಟರ್ ತುಂಡುಗಳು 10–15 ಸೆಂ.ಮೀ. ಒಂದರ ಮೇಲೊಂದು ಕೂತಿರುತ್ತವೆ. ಮೇಲ್ಗಡೆಯ ತುಂಡು ಕೆಳಗಡೆಯದರ ಒಳಗೆ ಮಲಗಿರುತ್ತದೆ. ಎತ್ತರದ ತುದಿಯಿಂದ ಬಂದರೆ ಪ್ರತಿ ತುಂಡೂ ಮೇಲಕ್ಕೆ ಸಲೀಸಾಗಿ ಏಳುತ್ತದೆ. ಏಳುವ ಮೊದಲು ಕೀಲಿನ ಸಿಲಿಕೋನನ್ನು ತೆಳು ಬ್ಲೇಡಿನಿಂದ ಪೂರ್ತಿ ಸೀಳಿರಬೇಕು. ಒಂದೂವರೆ ಮಿ.ಮೀ. ತಗಡಿನ, ಮಡಿಚುವ ಮೊದಲು ಅರ್ಧ ಮೀಟರ್ ಅಗಲವಿದ್ದ ಗಟರ್ ಮೀಟರಿಗೆ ಸುಮಾರು 6 ಕೆ.ಜಿ., ಅಂದರೆ 4 ಮೀಟರ್ ತುಂಡು 24 ಕೆ.ಜಿ. ಏಣಿಯ ಮೇಲೆ ಒಬ್ಬರು ಹಿಡಿಯುವಂಥದಲ್ಲ. ಎರಡು ತುದಿಗೂ ಚಕ್ರದ ಸ್ಕ್ಯಾಫೋಲ್ಡ್ ಬೇಕು. ಮೆತ್ತಗಿನ ನೆಲದಲ್ಲಿ ಚಕ್ರದ ಕೆಳಗೆ ಹಲಗೆ ಬೇಕು. ಗಟರಿನ ಮೇಲೆ ನಡೆಯುವುದು, ಕಮಾನಿಗೆ ಏಣಿ ಒರಗಿಸುವುದು, ಇವೆರಡರಿಂದಲೂ ಆಗುವ ಅಪಘಾತಗಳು ಒಂದೇ ಬಗೆಯವು: ಬಿಚ್ಚಿದ ಕ್ಲ್ಯಾಂಪು ಪಕ್ಕದಲ್ಲಿರುತ್ತದೆ, ಹತ್ತಿದವರಿಗೆ ಅದು ಕಂಡಿರುವುದಿಲ್ಲ.

ಕಮಾನು ಇಳಿಸಲು ನೆತ್ತಿಯ ಕೀಲಿಗೆ ಹಗ್ಗ ಕಟ್ಟಿ, ಎರಡು ಬುಡ ಸಡಿಲಿಸಿ, ಇಡಿಯಾಗಿ ಇಳಿಸಿ. ಎರಡು ಅರ್ಧಗಳಾಗಿ ಬಿಚ್ಚುವುದು ನೆಲದ ಮೇಲೆ ಆಗಲಿ. 8 ಮೀಟರ್ ಅಗಲಕ್ಕೆ 2 ಮೀಟರ್ ಏರಿದ ಸಮ ಕಮಾನಿನ ತ್ರಿಜ್ಯ ಸರಿಯಾಗಿ 5 ಮೀಟರ್, ಪೈಪಿನ ಉದ್ದ 9.27 ಮೀಟರ್. ಹಾಗಾಗಿ ನೆಲಕ್ಕೆ ಗೂಟ ಹೊಡೆದು 5 ಮೀಟರ್ ದಾರದಿಂದ ಸುಣ್ಣದ ಗೆರೆ ಎಳೆದರೆ ಪ್ರತಿ ಕಮಾನನ್ನೂ ಅದರ ಮೇಲಿಟ್ಟು ಬಾಗಿದೆಯೇ ಎಂದು ನಿಂತಲ್ಲೇ ನೋಡಬಹುದು. ಗೆರೆಯಿಂದ ಒಂದೆರಡು ಬೆರಳು ಹೊರಳಿದ್ದನ್ನು ಮಂಡಿಯಿಂದ ಒತ್ತಿ ಸರಿಪಡಿಸಬಹುದು. ಪೈಪು ಚಪ್ಪಟೆಯಾಗಿ ಮುರಿಗೆರೆ ಬಿದ್ದಿದ್ದರೆ ಆ ಅರ್ಧ ಹೊಸದೇ ಬೇಕು. ಒಂದು ಕಡೆ ಗಾಳಿಕಿಂಡಿ ತೆರೆದ ಗರಗಸದ ಹಲ್ಲಿನ ಮಾದರಿಯಲ್ಲಿ ದೊಡ್ಡ ಕಮಾನು, ಚಿಕ್ಕ ಕಮಾನು ಬೇರೆಬೇರೆ. ಅವಕ್ಕೆ ಎರಡು ಗೆರೆ ಎಳೆದುಕೊಳ್ಳಿ.

ತುಕ್ಕು ಹಿಡಿದ ಬೋಲ್ಟು

ಹಿಂದಿನ ಸಂಜೆಯೇ ತುಕ್ಕುಬಿಡಿಸುವ ಎಣ್ಣೆ ಹಾಕಿಡಿ. ಮರುದಿನ ಬಿಚ್ಚುವ ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ ಆಮೇಲೆ ಬಿಚ್ಚಿದರೆ ತುಕ್ಕಿನ ಕಚ್ಚು ಬಿಡುತ್ತದೆ. ಎಂ8 ಬೋಲ್ಟಿಗೆ 13 ನಂಬರ್ ಸ್ಪ್ಯಾನರ್, ಎಂ10ಕ್ಕೆ 17 ಅಥವಾ 16, ಎಂ12ಕ್ಕೆ 19 ಅಥವಾ 18. ಅಂಚು ಸವೆದ ನಟ್ಟಿಗೆ ಆರು ಮೂಲೆಯ ಸಾಕೆಟ್ ಹಿಡಿಯುತ್ತದೆ, ಹನ್ನೆರಡು ಮೂಲೆಯದ್ದು ಜಾರುತ್ತದೆ. ಎಂ8ರವರೆಗಿನವು ಬಾರದಿದ್ದರೆ ಬಿಗಿಯುತ್ತಲೇ ಹೋಗಿ ಮುರಿದುಬಿಡುವುದು ಗ್ರೈಂಡರ್‌ಗಿಂತ ವೇಗ. ದಪ್ಪದವಕ್ಕೆ 4 ಇಂಚಿನ ಗ್ರೈಂಡರ್, ತೆಳು ಕಟಿಂಗ್ ಡಿಸ್ಕ್. ನಟ್ಟಿನ ಕಡೆ ಕತ್ತರಿಸಿ, ಪೈಪಿನ ಕಡೆ ಅಲ್ಲ. ಪೈಪಿಗೆ ತಾಗಿದ ಪ್ರತಿ ಗೀರೂ ನಾಳೆ ತುಕ್ಕು ಶುರುವಾಗುವ ಜಾಗ. ಹಾಳೆ, ಬಲೆ ಎಲ್ಲ ಇಳಿದು ದೂರ ಹೋಗುವವರೆಗೆ ಗ್ರೈಂಡರ್ ಹೊರಗೇ ತೆಗೆಯಬೇಡಿ. ಪಾಲಿಥೀನ್‌ಗೆ ಒಂದು ಕಿಡಿ ಸಾಕು.

ಬಿಚ್ಚಿದ ಬೋಲ್ಟುಗಳನ್ನು ಉಳಿಸಿಕೊಳ್ಳುವ ಆಸೆ ಬಿಡಿ. ಪ್ರತಿ ಅಳತೆಗೊಂದು ಮಾದರಿ ಇಟ್ಟುಕೊಂಡು ಹೊಸದನ್ನು ಎಣಿಸಿ ತರಿಸಿ, ಹತ್ತಕ್ಕೊಂದು ಹೆಚ್ಚಾಗಿಯೇ. ಕ್ಲ್ಯಾಂಪುಗಳನ್ನು ಮಾತ್ರ ಜೋಪಾನ ಮಾಡಿ: 76–60, 60–48, 48–42 ಎಂದು ಬೇರೆಬೇರೆ ಚೀಲದಲ್ಲಿ. ಒಂದೇ ಚೀಲಕ್ಕೆ ಸುರಿದರೆ ಮೇಲೆ ನಿಂತವರು ಕೇಳಿದಾಗ ಕೆಳಗಿನವರು ಹುಡುಕುತ್ತಲೇ ಇರಬೇಕಾಗುತ್ತದೆ.

ಅಡಿಪಾಯದ ಪೈಪನ್ನು ಕಾಂಕ್ರೀಟಿನಿಂದ ಬಿಡಿಸುವ ಶ್ರಮ ಲಾಭದ್ದಲ್ಲ. ಕಂಬ ನೇರವಾಗಿ ಕಾಂಕ್ರೀಟಿನೊಳಗೇ ಇದ್ದರೆ ತುಕ್ಕಿನ ಭಾಗದ ಮೇಲೆ ಅಡ್ಡಕ್ಕೆ ಕತ್ತರಿಸಿ. ಉಳಿದ ಕಾಂಕ್ರೀಟ್ ಗಡ್ಡೆಗಳನ್ನು ಯಾರು ತೆಗೆಯಬೇಕು, ಗುಂಡಿ ಯಾರು ಮುಚ್ಚಬೇಕು ಎಂಬುದು ಕೊಳ್ಳುವ ಮಾತಿನಲ್ಲೇ ಇತ್ಯರ್ಥವಾಗಿರಲಿ.

ಸಾಗಣೆ

ಪೈಪಿನ ತೂಕ ಲೆಕ್ಕದಿಂದಲೇ ಸಿಗುತ್ತದೆ. 2 ಮಿ.ಮೀ. ದಪ್ಪದ 76ರ ಪೈಪು ಮೀಟರಿಗೆ 3.65 ಕೆ.ಜಿ., 60ರದು 2.86, 48ರದು 2.27, 42ರದು 1.97. ಈ ಮನೆಯ 24 ಕಂಬ 350 ಕೆ.ಜಿ., 33 ಕಮಾನು ಸುಮಾರು 700, ಗಟರ್ 80 ಮೀಟರಿಗೆ 470; ಅಡ್ಡಪೈಪು, ಪರ್ಲಿನ್, ಆಸರೆ ಸೇರಿ ಎರಡೂವರೆಯಿಂದ ಮೂರು ಟನ್. ಲಾರಿಗೆ ತೂಕದ ಚಿಂತೆಯಿಲ್ಲ, ಉದ್ದದ ಮತ್ತು ಕಮಾನಿನ ಡೊಂಕಿನ ಚಿಂತೆ. ಕಮಾನುಗಳನ್ನು ಒಂದರೊಳಗೊಂದು ಕೂರುವಂತೆ ನಿಲ್ಲಿಸಿ ಕಟ್ಟಬೇಕು, ಮೇಲೆ ಬೇರೇನೂ ಹೇರಬಾರದು. ಗಟರುಗಳು ಒಂದರೊಳಗೊಂದು ಮಲಗುತ್ತವೆ; ನಡುವೆ ಹಳೆಯ ಶೇಡ್ ನೆಟ್ ಹಾಸಿದರೆ ಲೇಪ ಉಜ್ಜಿಹೋಗುವುದಿಲ್ಲ. ಮೊದಲು ಬೇಕಾಗುವ ಕಂಬಗಳು ಕೊನೆಗೆ ಹೇರಿದವಾಗಿರಲಿ.

ಹೇರುವ ಮುಂಚೆ ಪೈಪಿನ ಬುಡದ ಮಣ್ಣನ್ನು ಅಲ್ಲೇ ತೊಳೆದುಬಿಡಿ. ಜಂತುಹುಳು, ಸೊರಗು ರೋಗ ಹೊಸ ಮಣ್ಣಿಗೆ ಬರುವುದು ಹೀಗೇ. ಸಾಬೂನಿನ ನೀರು ಸಾಕು. ಕ್ಲೋರಿನ್ ನೀರು ಸತುವಿಗೆ ಒಳ್ಳೆಯದಲ್ಲ.

ಹೊಸ ಜಾಗದಲ್ಲಿ ಅಡಿಪಾಯ ಆಗುವವರೆಗೆ ಪೈಪುಗಳು ಕಾಯಬೇಕು. ಒದ್ದೆ ಪೈಪುಗಳನ್ನು ಒತ್ತೊತ್ತಾಗಿ ಪೇರಿಸಿ ಮೇಲೆ ಟಾರ್ಪಾಲ್ ಮುಚ್ಚಿದರೆ ಗಾಳಿಯಾಡದೆ ಸತುವಿನ ಮೇಲೆ ಬಿಳಿ ಪುಡಿ ಏಳುತ್ತದೆ. ಸಾಲುಗಳ ನಡುವೆ ಮರದ ಪಟ್ಟಿ, ಒಂದು ತುದಿ ಎತ್ತರ, ಮೇಲೆ ತೆರೆದ ಆಕಾಶ: ಇದೇ ಸರಿ. ಎದ್ದ ಬಿಳಿಯನ್ನು ನೈಲಾನ್ ಬ್ರಶ್ಶಿನಿಂದ ಉಜ್ಜಿ; ತಂತಿ ಬ್ರಶ್ಶು ಸತುವನ್ನೇ ಎತ್ತಿಬಿಡುತ್ತದೆ.

ಅಡಿಪಾಯ

ಪಾಲಿಹೌಸ್ ತನ್ನ ಭಾರಕ್ಕೆ ಕುಸಿಯುವುದು ಕಡಿಮೆ, ಗಾಳಿಗೆ ಏಳುವುದು ಹೆಚ್ಚು. ಗಾಳಿಯ ಒತ್ತಡ, ಚದರ ಮೀಟರಿಗೆ ನ್ಯೂಟನ್‌ಗಳಲ್ಲಿ, ವೇಗದ ವರ್ಗದ 0.6 ಪಟ್ಟು. ಸೆಕೆಂಡಿಗೆ 30 ಮೀಟರ್, ಅಂದರೆ ಗಂಟೆಗೆ 108 ಕಿ.ಮೀ. ಗಾಳಿಗೆ 540 ನ್ಯೂಟನ್. ಒಳಗಿನ ಒಂದು ಕಂಬದ ಪಾಲಿನ ಮಾಡು 8 × 4 = 32 ಚದರ ಮೀಟರ್. ಒತ್ತಡದ ಅರ್ಧದಷ್ಟೇ ಮೇಲಕ್ಕೆ ಎಳೆಯುತ್ತದೆಂದು ಹಿಡಿದರೂ 8,640 ನ್ಯೂಟನ್, ಸುಮಾರು 880 ಕೆ.ಜಿ. ಎತ್ತಿದಂತೆ. ಅದಕ್ಕೆ ಎದುರಾಗಿ ಆ ಕಂಬದ ಪಾಲಿಗೆ ಬರುವ ಕಬ್ಬಿಣದ ತೂಕ ಬರೀ 200 ಕೆ.ಜಿ. ಉಳಿದದ್ದನ್ನು ಕಾಂಕ್ರೀಟೂ ಅದರ ಸುತ್ತಲಿನ ಮಣ್ಣಿನ ಹಿಡಿತವೂ ಹೊರಬೇಕು.

ಹಾಗಾಗಿ ಗುಂಡಿ 30 × 30 ಸೆಂ.ಮೀ., ಆಳ 90. ತಳದ 30 ಸೆಂ.ಮೀ. ಮಾತ್ರ 45 × 45ಕ್ಕೆ ಅಗಲಿಸಿ. ಇಂಥದ್ದಕ್ಕೆ 0.115 ಘನ ಮೀಟರ್ ಕಾಂಕ್ರೀಟ್, ತೂಕ 275 ಕೆ.ಜಿ.; ಅಗಲ ತಳದ ಮೇಲೆ ಕೂತ ಅಲುಗದ ಮಣ್ಣು ಬೀಗದ ಕೆಲಸ ಮಾಡುತ್ತದೆ. ಜೆಸಿಬಿಯಿಂದ ದೊಡ್ಡ ಗುಂಡಿ ಅಗೆದು ಮಣ್ಣು ಮತ್ತೆ ತುಂಬಿದರೆ ಆ ಹಿಡಿತ ಸಿಗುವುದಿಲ್ಲ. 24 ಗುಂಡಿಗೆ 2.75 ಘನ ಮೀಟರ್, 1:1.5:3 (ಸಿಮೆಂಟ್, ಮರಳು, ಜಲ್ಲಿ) ಮಿಶ್ರಣದಲ್ಲಿ ಸುಮಾರು 22 ಮೂಟೆ ಸಿಮೆಂಟ್.

ಜಾಗ ಗುರುತಿಸುವಾಗ ಗಟರ್ ಉತ್ತರ–ದಕ್ಷಿಣವಾಗಿ ಓಡಲಿ. ಆಗ ಗಟರಿನ ನೆರಳು ದಿನವಿಡೀ ಸರಿಯುತ್ತದೆ, ಒಂದೇ ಸಾಲಿನ ಗಿಡದ ಮೇಲೆ ನಿಲ್ಲುವುದಿಲ್ಲ. ಮಾಡಿನ ಕಿಂಡಿ ಜೋರುಗಾಳಿಗೆ ಬೆನ್ನು ಮಾಡಿರಲಿ. ಮೂಲೆಗೆ ದಾರದಲ್ಲಿ 6–8–10 ಮೀಟರ್ ತ್ರಿಕೋನ ಹಾಕಿ, ಕೊನೆಗೆ ಕರ್ಣ ಅಳೆಯಿರಿ. 24 × 20ಕ್ಕೆ 31.24 ಮೀಟರ್, ಎರಡು ಕರ್ಣದ ವ್ಯತ್ಯಾಸ 1 ಸೆಂ.ಮೀ. ಒಳಗಿರಬೇಕು. ಹಳೆಯ ಮನೆಯ ನಿಜವಾದ ಅಳತೆ 23.91 × 19.95 ಆಗಿದ್ದರೆ ಕರ್ಣವನ್ನೂ ಅದರಿಂದಲೇ ಲೆಕ್ಕ ಹಾಕಿ: 31.14.

ಅಡಿಪಾಯದ ಪೈಪು 60 ಮಿ.ಮೀ., ಉದ್ದ 1.4 ಮೀಟರ್, 80 ಸೆಂ.ಮೀ. ನೆಲದೊಳಗೆ, 60 ಮೇಲೆ. ಬುಡದಿಂದ 10 ಸೆಂ.ಮೀ. ಮೇಲೆ ತೂತು ಕೊರೆದು 12 ಮಿ.ಮೀ. ಕಂಬಿಯ ಗೇಣುದ್ದದ ತುಂಡನ್ನು ಅಡ್ಡ ತೂರಿಸಿ; ಅದಿಲ್ಲದಿದ್ದರೆ ನಯವಾದ ಪೈಪು ಕಾಂಕ್ರೀಟಿನಿಂದ ಕಳಚಿ ಬರಬಹುದು. ಕಾಂಕ್ರೀಟನ್ನು ನೆಲದಿಂದ 5 ಸೆಂ.ಮೀ. ಮೇಲೆ ತಂದು ಸುತ್ತಲೂ ಇಳಿಜಾರು ಮಾಡಿ. ತೂಗುಗುಂಡಿನಿಂದ ಎರಡು ದಿಕ್ಕಿಗೂ ನೇರ ನೋಡಿ. ಏಳು ದಿನ ನೀರುಣಿಸುವ ಮೊದಲು ಕಂಬ ಏರಿಸಬೇಡಿ.

ನಿಲ್ಲಿಸುವುದು

76ರ ಕಂಬದ ಒಳವ್ಯಾಸ 72. ಅದರೊಳಗೆ 60ರ ಪೈಪು ಹೋದರೆ ಸುತ್ತ 6 ಮಿ.ಮೀ. ಸಂದು ಉಳಿಯುತ್ತದೆ. ಹಾಗೇ ಬೋಲ್ಟ್ ಬಿಗಿದರೆ ಕಂಬ ಚಪ್ಪಟೆಯಾಗುತ್ತದೆ ಇಲ್ಲವೇ ತೂಗಾಡುತ್ತದೆ. 5 ಮಿ.ಮೀ. ದಪ್ಪದ ಪಟ್ಟಿಯ ತುಂಡುಗಳನ್ನು ಬೋಲ್ಟಿನ ಎರಡೂ ಬದಿಗೆ ತೂರಿಸಿ ಬಿಗಿಯಿರಿ. ಕಂಬಕ್ಕೆ ಎರಡು ಬೋಲ್ಟು, ಒಂದಕ್ಕೊಂದು ಅಡ್ಡ ದಿಕ್ಕಿನಲ್ಲಿ.

ಅಡಿಪಾಯದ ಪೈಪಿಗೆ ತೂತನ್ನು ಮೊದಲೇ ಕೊರೆದಿಟ್ಟುಕೊಳ್ಳುವುದು ದೊಡ್ಡ ತಪ್ಪು. ಕಂಬಗಳನ್ನು ಇಳಿಬಿಟ್ಟು, ಕೆಳಗೆ ಕ್ಲ್ಯಾಂಪಿನ ಆಸರೆ ಕೊಟ್ಟು, ನೀರು ತುಂಬಿದ ಮಟ್ಟದ ಪೈಪಿನಿಂದ ತಲೆಯ ಎತ್ತರ ಗೊತ್ತುಮಾಡಿ, ಆಮೇಲೆ ಇದ್ದಲ್ಲೇ ಕೊರೆಯಬೇಕು. ಗಟರಿಗೆ ಮೀಟರಿಗೆ 1 ಸೆಂ.ಮೀ. ಇಳಿಜಾರು ಕೊಟ್ಟರೆ 6ರಿಂದ 1ರವರೆಗೆ ಪ್ರತಿ ಕಂಬಕ್ಕೂ 4 ಸೆಂ.ಮೀ. ತಗ್ಗುತ್ತದೆ, ಒಟ್ಟು 20. ಬುಡ ಕತ್ತರಿಸಿ ಗಿಡ್ಡವಾದ ಕಂಬಗಳೂ ಇಲ್ಲೇ ಸರಿಹೋಗುತ್ತವೆ: ಅವನ್ನು ಪೈಪಿನ ಮೇಲೆ ಅಷ್ಟು ಎತ್ತರಿಸಿ. ಒಳಗೆ ಕನಿಷ್ಠ 40 ಸೆಂ.ಮೀ. ಹೊಕ್ಕಿರಬೇಕು; ಅಷ್ಟು ಸಿಗದಿದ್ದರೆ ಆ ಗುಂಡಿಗೆ ಉದ್ದದ ಪೈಪನ್ನೇ ಮೊದಲು ಇಟ್ಟಿರಬೇಕಾಗಿತ್ತು. ಆದ್ದರಿಂದ ಕಂಬಗಳ ಉದ್ದವನ್ನು ಕಾಂಕ್ರೀಟ್ ಹಾಕುವ ಮುಂಚೆಯೇ ಅಳೆದು ಗಿಡ್ಡದ್ದು ಯಾವ ಗುಂಡಿಗೆ ಎಂದು ಬರೆದಿಡಿ. ಎತ್ತರದ ತುದಿಗೆ ಉದ್ದದವು, ನೀರು ಬೀಳುವ ತುದಿಗೆ ಗಿಡ್ಡವು ಹೋದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಕತ್ತರಿಸಿದ ತುದಿ, ಕೊರೆದ ತೂತು, ಗೀರು, ಎಲ್ಲಕ್ಕೂ ಸತು ತುಂಬಿದ ಬಣ್ಣ ಎರಡು ಸಲ. ವೆಲ್ಡಿಂಗ್ ಮಾಡಬೇಡಿ. ಸುತ್ತಲಿನ ಲೇಪ ಸುಡುವುದರ ಜೊತೆಗೆ ಸತುವಿನ ಹೊಗೆ ಕುಡಿದವರಿಗೆ ಆ ರಾತ್ರಿ ಚಳಿಜ್ವರ ಬರುತ್ತದೆ.

ಓರೆ ಆಸರೆಯ ಪಟ್ಟಿ ಮೊದಲು ನಿಲ್ಲಲಿ, ಉಳಿದವು ಅದಕ್ಕೆ ಅಂಟಿಕೊಂಡು ಬರಲಿ. ಎಲ್ಲ ಬೋಲ್ಟನ್ನೂ ಬೆರಳಿನಿಂದ ಬಿಗಿದು, ಇಡೀ ಮನೆ ಕೂಡಿದ ಮೇಲೆ ಸ್ಪ್ಯಾನರ್ ಹಿಡಿಯಿರಿ. ಗಟರನ್ನು ನೀರು ಬೀಳುವ ತುದಿಯಿಂದ ಜೋಡಿಸಿ. ಹಳೆಯ ಸಿಲಿಕೋನಿನ ಚೂರು ಉಳಿದಿದ್ದರೆ ಹೊಸದು ಹಿಡಿಯುವುದಿಲ್ಲ, ಪೂರ್ತಿ ಕೆರೆಯಿರಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಸತುವನ್ನು ತಿನ್ನುತ್ತದೆ. ಆ ವಾಸನೆಯಿಲ್ಲದ, ನ್ಯೂಟ್ರಲ್ ಎಂದು ಬರೆದಿರುವುದನ್ನೇ ಕೇಳಿ. ಗಂಟೆಗೆ 50 ಮಿ.ಮೀ. ಮಳೆಗೆ ಈ ಮಾಡಿನಿಂದ 24,000 ಲೀಟರ್ ಇಳಿಯುತ್ತದೆ, ನಡುವಿನ ಒಂದೊಂದು ಗಟರಿಗೆ 8,000. ಇಳಿಪೈಪು ಅದಕ್ಕೆ ತಕ್ಕಂತೆ ಇರಲಿ.

ಹಾಳೆ

ಹಳೆಯ ಪ್ರೊಫೈಲಿನ ಸ್ಕ್ರೂ ತೂತುಗಳು ಸಡಿಲವಾಗಿರುತ್ತವೆ. ಮೊದಲು 12 ನಂಬರ್ ಇದ್ದಲ್ಲಿ ಈಗ 14 ಹಾಕಿ. ಅದರ ತಲೆಗೆ 10 ಮಿ.ಮೀ. ಸಾಕೆಟ್ ಬೇಕಾಗುತ್ತದೆ. ಪ್ರೊಫೈಲುಗಳ ಕೂಡುತುದಿಗಳನ್ನು ಅರದಿಂದ ನಯಮಾಡಿ. ಹಾಳೆ ಪೈಪಿಗೆ ತಾಗುವ ಮೇಲ್ಮೈಗೆ ಬಿಳಿ ಬಣ್ಣ ಬಳಿದು ಚೆನ್ನಾಗಿ ಒಣಗಲು ಬಿಡಿ. ಬಿಸಿಲಿಗೆ ಕಾದ ಪೈಪು ತಾಗಿದ ಗೆರೆಯಲ್ಲೇ ಹಾಳೆ ಮೊದಲು ಸೋಲುವುದು.

ಹಾಳೆಯ ಯಾವ ಮುಖ ಒಳಗೆ ಎಂದು ಅಂಚಿನಲ್ಲಿ ಅಚ್ಚಾಗಿರುತ್ತದೆ. ಹನಿ ತೊಟ್ಟಿಕ್ಕದಂತೆ ಜಾರಿಸುವ ಮುಖ ಒಳಗಿರಬೇಕು, ತಿರುಗಿಸಿ ಹಾಕಿದರೆ ಆ ಗುಣ ವ್ಯರ್ಥ. ಬೆಳಗಿನ ಎಳೆಬಿಸಿಲಲ್ಲಿ, ಗಾಳಿಯಿಲ್ಲದಾಗ ಹಾಕಿ. ಪಾಲಿಥೀನ್ 20 ಡಿಗ್ರಿ ವ್ಯತ್ಯಾಸಕ್ಕೆ 20 ಮೀಟರಿನಲ್ಲಿ 5ರಿಂದ 8 ಸೆಂ.ಮೀ. ಹಿಗ್ಗುತ್ತದೆ, ಚಳಿಯಲ್ಲಿ ಕಟ್ಟಿದ್ದು ಮಧ್ಯಾಹ್ನ ಜೋತುಬಿದ್ದು ಗಾಳಿಗೆ ಬಡಿದುಕೊಳ್ಳುತ್ತದೆ, ಮಧ್ಯಾಹ್ನ ಬಿಗಿದದ್ದು ರಾತ್ರಿ ಸ್ಪ್ರಿಂಗಿನ ಬಾಯಲ್ಲಿ ಸೀಳುತ್ತದೆ. ಗಾಳಿ ಬರುವ ಕಡೆಯ ಅಂಚನ್ನು ಮೊದಲು ಸ್ಪ್ರಿಂಗಿಗೆ ಸಿಕ್ಕಿಸಿ, ಆಚೆಯಿಂದ ನಾಲ್ಕೈದು ಜನ ಸಮನಾಗಿ ಎಳೆದು ಹಿಡಿಯಲಿ. ಅಂಚಿನಲ್ಲಿ 15–20 ಸೆಂ.ಮೀ. ಹೆಚ್ಚಿಗೆ ಬಿಡಿ. ಸ್ಪ್ರಿಂಗನ್ನು ಕೈಯಿಂದ ಅತ್ತಿತ್ತ ಆಡಿಸುತ್ತ ಕೂರಿಸಬೇಕು, ಸ್ಕ್ರೂಡ್ರೈವರ್‌ನಿಂದ ತಳ್ಳಿದರೆ ತೂತು ಖಚಿತ; ತುದಿಯ ಮೊನೆಯನ್ನು ಒಳಕ್ಕೆ ಬಾಗಿಸಿ ಕೆಳಗೆ ಹಾಳೆಯ ಚೂರೊಂದನ್ನು ಇಡಿ.

ಮೊದಲ ಜೋರುಗಾಳಿಯ ಮರುದಿನ ಎಲ್ಲ ಕ್ಲ್ಯಾಂಪುಗಳನ್ನೂ ಮತ್ತೊಮ್ಮೆ ಬಿಗಿಯಿರಿ, ಕಂಬದ ಬುಡದ ಕಾಂಕ್ರೀಟ್ ಸುತ್ತ ಮಣ್ಣಿನಲ್ಲಿ ಬಿರುಕು ಬಿಟ್ಟಿದೆಯೇ ನೋಡಿ. ಉಂಗುರದಂತೆ ಬಿರುಕು ಕಂಡರೆ ಆ ಗಡ್ಡೆ ಮೇಲಕ್ಕೆ ಎದ್ದಿದೆ. ಪಕ್ಕದಲ್ಲಿ ಇನ್ನೊಂದು ಗುಂಡಿ ತೆಗೆದು ಕಂಬಕ್ಕೆ ಓರೆಯಾಗಿ ತಂತಿಹಗ್ಗ ಬಿಗಿದು ಆಮೇಲೆ ಗಿಡ ನೆಡಿ.